ನೀತಿಪಾಠ ಮತ್ತು ದೊತೊರ್ನ್

ನಾನು ಓದಿದ್ದು ಕರಾವಳಿಯ ಒಂದು ಕಾನ್ವೆಂಟ್ ಶಾಲೆಯಲ್ಲಿ. ವಾರಕ್ಕೆರಡು ಸಲ, ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡಿಗೆ ಗಂಟೆ ಹೊಡೆದ ಕೂಡಲೇ ತರಗತಿ ಎರಡು ಪಾಲಾಗುತ್ತಿತ್ತು. ಕ್ಯಾಥೊಲಿಕ್ ಹುಡುಗಿಯರು ಪುಸ್ತಕ ಎತ್ತಿಕೊಂಡು ಪಕ್ಕದ ಕೋಣೆಗೆ ‘ದೊತೊರ್ನ್’ಗೆ ಹೋಗುತ್ತಿದ್ದರು. ಉಳಿದವರು, ಅಂದರೆ ಹಿಂದೂ, ಮುಸ್ಲಿಂ, ಜೈನ ಹುಡುಗಿಯರು, ಅಲ್ಲೇ ಕೂತು ನೀತಿಪಾಠ ಕೇಳುತ್ತಿದ್ದೆವು. ದೊತೊರ್ನ್ ಎಂಬುದು ಪೋರ್ಚುಗೀಸಿನಿಂದ ಕೊಂಕಣಿಗೆ ಬಂದ ಮಾತು, ಧರ್ಮಸಿದ್ಧಾಂತದ ಪಾಠ ಎಂದು ಅದರ ಅರ್ಥ ಎಂಬುದೆಲ್ಲ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಅವರಿಗೆ ಪರೀಕ್ಷೆ ಇದೆ, ನಮಗಿಲ್ಲ.

ನೀತಿಪಾಠದಲ್ಲಿ ಒಂದು ಕತೆ ಬರುತ್ತಿತ್ತು. ಒಬ್ಬ ತಂದೆ, ಅವನ ಪಾಲಿನ ಆಸ್ತಿ ಕೇಳಿ ಪಡೆದು ದೂರದೇಶಕ್ಕೆ ಹೋಗಿ ಹಾಳುಮಾಡಿಕೊಂಡ ಮಗ, ಹಂದಿ ಕಾಯುವ ಗತಿ ಬಂದಮೇಲೆ ಮನೆಗೆ ಮರಳಿದ್ದು, ತಂದೆ ಓಡಿಬಂದು ತಬ್ಬಿಕೊಂಡದ್ದು. ನೀತಿ: ತಂದೆತಾಯಿಯ ಮಾತು ಕೇಳಬೇಕು. ಈ ಕತೆ ಯಾರು ಹೇಳಿದ್ದು, ಯಾರಿಗೆ ಹೇಳಿದ್ದು ಎಂದು ಟೀಚರ್ ಹೇಳಲಿಲ್ಲ, ನಾವೂ ಕೇಳಲಿಲ್ಲ. ಗೋಡೆಯಾಚೆ ದೊತೊರ್ನಿನಲ್ಲೂ ಇದೇ ಕತೆ ನಡೆಯುತ್ತಿತ್ತು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಈಗ ಪಿಎಚ್.ಡಿ.ಗಾಗಿ ಹತ್ತೊಂಬತ್ತನೇ ಶತಮಾನದ ಮತಚರ್ಚೆಗಳ ಪಠ್ಯಗಳನ್ನು ಓದುತ್ತಿದ್ದೇನೆ. ಕ್ರೈಸ್ತ ಬೋಧನೆಗೆ ಕ್ರೈಸ್ತರಲ್ಲದವರು ಹೇಗೆ ಉತ್ತರ ಕೊಟ್ಟರು ಎನ್ನುವುದು ನನ್ನ ಒಂದು ಅಧ್ಯಾಯದ ವಿಷಯ. ಓದುತ್ತಾ ಹೋದಂತೆ ಆ ಎರಡು ಕೋಣೆಗಳ ನಡುವಿನ ಗೋಡೆಯನ್ನು ಮೊದಲು ಕಟ್ಟಿದವರಲ್ಲಿ ಒಬ್ಬರು ಸಿಕ್ಕರು. ಅದನ್ನು ಕಟ್ಟಿದ್ದು ಪಾದ್ರಿಯಲ್ಲ, ರಾಜಾ ರಾಮಮೋಹನ ರಾಯರು.

1820ರಲ್ಲಿ ರಾಮಮೋಹನರು ಕಲ್ಕತ್ತೆಯಲ್ಲಿ ‘ದಿ ಪ್ರಿಸೆಪ್ಟ್ಸ್ ಆಫ್ ಜೀಸಸ್’ ಎಂಬ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಅವರ ಸ್ವಂತ ಬರವಣಿಗೆ ಇದ್ದದ್ದು ಮುನ್ನುಡಿಯಲ್ಲಿ ಮಾತ್ರ. ಉಳಿದದ್ದು ನಾಲ್ಕು ಸುವಾರ್ತೆಗಳಿಂದ ಆರಿಸಿಕೊಂಡ ಭಾಗಗಳು. ಅವರು ಬರೆಯಲಿಲ್ಲ, ಕತ್ತರಿ ಹಿಡಿದರು. ಗಿರಿಪ್ರವಚನ ಉಳಿಯಿತು, ಸಾಮತಿಗಳು ಉಳಿದವು. ಪವಾಡ ಹೋಯಿತು, ಯೇಸು ದೇವರ ಅವತಾರವೆಂಬ ಮಾತು ಹೋಯಿತು, ಶಿಲುಬೆಯ ಮರಣದಿಂದ ಮನುಷ್ಯರ ಪಾಪ ತೀರಿತೆಂಬ ಸಿದ್ಧಾಂತ ಹೋಯಿತು. ಪವಾಡಗಳನ್ನು ಬಿಟ್ಟದ್ದಕ್ಕೆ ಮುನ್ನುಡಿಯಲ್ಲಿ ಅವರು ಕೊಡುವ ಕಾರಣ ಓದಿ ನನಗೆ ಗ್ರಂಥಾಲಯದಲ್ಲೇ ನಗು ಬಂತು. ಏಷ್ಯಾದ ಜನ ಇದಕ್ಕಿಂತ ಎಷ್ಟೋ ದೊಡ್ಡ ಪವಾಡಗಳನ್ನು ಕೇಳಿ ಬೆಳೆದವರು, ನೀರನ್ನು ದ್ರಾಕ್ಷಾರಸ ಮಾಡಿದರೆ ಇಲ್ಲಿ ಯಾರೂ ಬೆರಗಾಗುವುದಿಲ್ಲ ಎಂಬ ಅರ್ಥದ ಮಾತು ಅದು. ಸಮುದ್ರವನ್ನೇ ಕುಡಿದ ಅಗಸ್ತ್ಯರಿರುವ ನಾಡಿನಲ್ಲಿ ಇದನ್ನು ಅಲ್ಲಗಳೆಯುವುದು ಕಷ್ಟ.

ಶ್ರೀರಾಮಪುರದ ಬ್ಯಾಪ್ಟಿಸ್ಟ್ ಮಿಷನರಿಗಳಿಗೆ ಇದು ಸಹನೆಯಾಗಲಿಲ್ಲ. ಅವರ ಪತ್ರಿಕೆ ‘ಫ್ರೆಂಡ್ ಆಫ್ ಇಂಡಿಯಾ’ದಲ್ಲಿ ಜೋಶುವಾ ಮಾರ್ಷ್‌ಮನ್ ಟೀಕಿಸಿದರು. ಟೀಕೆಯಲ್ಲಿ ರಾಮಮೋಹನರನ್ನು ‘ಹೀದನ್’ ಎಂದು ಕರೆದದ್ದು ಅವರನ್ನು ನೋಯಿಸಿತು. ಏಕದೇವನನ್ನು ನಂಬುವವನನ್ನು ಹಾಗೆ ಕರೆಯಬಹುದೇ ಎಂದು ಅವರು ‘ಕ್ರೈಸ್ತ ಸಮುದಾಯಕ್ಕೆ ಮನವಿ’ ಬರೆದರು. 1820ರಲ್ಲಿ ಒಂದು, 1821ರಲ್ಲಿ ಇನ್ನೊಂದು, 1823ರಲ್ಲಿ ಮೂರನೆಯದು. ಮೂರನೆಯದನ್ನು ಅಚ್ಚು ಹಾಕಲು ಬ್ಯಾಪ್ಟಿಸ್ಟ್ ಮಿಷನ್ ಪ್ರೆಸ್ ಒಪ್ಪಲಿಲ್ಲ. ರಾಮಮೋಹನರು ತಮ್ಮದೇ ಮುದ್ರಣಾಲಯ ಹೂಡಿದರು. ಗ್ರೀಕ್, ಹೀಬ್ರೂ ಮೂಲಗಳನ್ನೇ ಮುಂದಿಟ್ಟುಕೊಂಡು ವಾದಿಸಿದರು.

ಇದರ ನಡುವೆ ನಡೆದ ಇನ್ನೊಂದು ಪ್ರಸಂಗ ಭಾಷೆಯ ವಿದ್ಯಾರ್ಥಿಯಾದ ನನಗೆ ಬಹಳ ಇಷ್ಟ. ಸುವಾರ್ತೆಗಳನ್ನು ಬಂಗಾಳಿಗೆ ಹೊಸದಾಗಿ ಅನುವಾದಿಸಲು ರಾಮಮೋಹನರ ಜೊತೆ ಇಬ್ಬರು ಬ್ಯಾಪ್ಟಿಸ್ಟರು ಕೂತರು. ಯೋಹಾನನ ಸುವಾರ್ತೆಯ ಆರಂಭದಲ್ಲಿ ಸೃಷ್ಟಿಯ ಮಾತು ಬರುವಲ್ಲಿ ‘ದಿಯಾ’ ಎಂಬ ಗ್ರೀಕ್ ಪದ ಇದೆ. ಅದನ್ನು ‘ಅವನಿಂದ’ ಎನ್ನಬೇಕೋ ‘ಅವನ ಮೂಲಕ’ ಎನ್ನಬೇಕೋ? ಮೊದಲನೆಯದಾದರೆ ಕ್ರಿಸ್ತನೇ ಸೃಷ್ಟಿಕರ್ತ. ಎರಡನೆಯದಾದರೆ ಸೃಷ್ಟಿಕರ್ತ ಬೇರೆ, ಕ್ರಿಸ್ತ ಅವನ ಸಾಧನ. ಇಡೀ ತ್ರಯೈಕ್ಯ ಸಿದ್ಧಾಂತ ಒಂದು ವಿಭಕ್ತಿಯ ಮೇಲೆ ನಿಂತಂತಾಯಿತು. (ಕನ್ನಡದ ತೃತೀಯಾ ವಿಭಕ್ತಿ ಎರಡಕ್ಕೂ ಒದಗುತ್ತದೆ, ಆದ್ದರಿಂದ ಕನ್ನಡದಲ್ಲಿ ಈ ಜಗಳ ಇಷ್ಟು ಚೂಪಾಗಿ ಹುಟ್ಟುತ್ತಿತ್ತೇ ಎಂದು ನನಗೆ ಅನುಮಾನ.) ಆ ಚರ್ಚೆಯ ಕೊನೆಗೆ ಮಿಷನರಿಗಳಲ್ಲಿ ಒಬ್ಬರಾದ ವಿಲಿಯಂ ಆ್ಯಡಮ್ 1821ರಲ್ಲಿ ತ್ರಯೈಕ್ಯವನ್ನೇ ಬಿಟ್ಟು ಏಕದೇವವಾದಿಯಾದರು. ಹಿಂದೂವನ್ನು ತಿದ್ದಲು ಬಂದವರು ತಾವೇ ಬದಲಾದರು. ಕಲ್ಕತ್ತೆಯ ಕುಹಕಿಗಳು ಆತನನ್ನು ‘ಎರಡನೇ ಸಲ ಬಿದ್ದ ಆದಾಮ’ ಎಂದು ಆಡಿಕೊಂಡರು.

ಇಷ್ಟು ಓದುವವರೆಗೆ ನಾನು ಪೂರ್ತಿ ರಾಮಮೋಹನರ ಪಕ್ಷ. ಆಮೇಲೆ ಗಿರಿಪ್ರವಚನವನ್ನು ಮತ್ತೊಮ್ಮೆ ಓದಿದೆ, ಈ ಸಲ ನೀತಿಯನ್ನು ಹುಡುಕದೆ ಮಾತಿನ ರೀತಿಯನ್ನು ಗಮನಿಸುತ್ತಾ. ಅಲ್ಲಿ ಮಾತಾಡುವವನು ಹಳೆಯ ಕಟ್ಟಳೆಯನ್ನು ಒಂದೊಂದಾಗಿ ನೆನಪಿಸಿ, ಅದರೆದುರು ತನ್ನ ಮಾತನ್ನು ಇಡುತ್ತಾನೆ. ಶಾಸ್ತ್ರವನ್ನಾಗಲಿ ಗುರುವನ್ನಾಗಲಿ ಸಾಕ್ಷಿಗೆ ಕರೆಯುವುದಿಲ್ಲ. ‘ನಾನು ಹೇಳುತ್ತೇನೆ’ ಎನ್ನುವುದೇ ಅವನ ಪ್ರಮಾಣ. ಬಂಡೆಯ ಮೇಲೆ ಕಟ್ಟಿದ ಮನೆಯ ಹೋಲಿಕೆ ಬರುವುದು ಕೊನೆಯಲ್ಲಿ. ಆ ಬಂಡೆ ಯಾವುದು? ಅವನ ಮಾತೇ. ಹಾಗಿದ್ದಮೇಲೆ ಮಾತನಾಡಿದವನು ಯಾರು ಎಂಬ ಪ್ರಶ್ನೆಯನ್ನು ಬೋಧನೆಯಿಂದ ಕತ್ತರಿಸಿ ತೆಗೆಯುವುದು ಹೇಗೆ? ರಾಮಮೋಹನರ ಕತ್ತರಿ ಬೋಧನೆಯ ಸುತ್ತಲಿನ ಸಿದ್ಧಾಂತವನ್ನು ತೆಗೆಯಿತು, ನಿಜ. ಬೋಧನೆಯ ಒಳಗೇ ಕೂತ ಹಕ್ಕುದಾರಿಕೆಗೆ ಅದು ತಾಗಲಿಲ್ಲ. ಮಾರ್ಷ್‌ಮನ್ನರ ಧಾಟಿ ಕೆಟ್ಟದಿತ್ತು. ಆದರೆ ಈ ಎರಡನ್ನು ಬಿಡಿಸಲಾಗದು ಎಂಬ ಅವರ ವಾದ ಓದುಗನ ವಾದವಾಗಿ ಗಟ್ಟಿಯಾಗಿಯೇ ಇದೆ.

‘ಕ್ರಿಸ್ತ ಬೇಕು, ಕ್ರೈಸ್ತಮತ ಬೇಡ’ ಎಂದು ನಮ್ಮ ವಿಚಾರವಂತರು ಎರಡು ಶತಮಾನದಿಂದ ಹೇಳುತ್ತಾ ಬಂದಿದ್ದಾರೆ. ಗಾಂಧೀಜಿ ಕೂಡ ಗಿರಿಪ್ರವಚನ ನೇರ ಹೃದಯಕ್ಕೆ ಇಳಿಯಿತೆಂದು ಆತ್ಮಕಥೆಯಲ್ಲಿ ಬರೆಯುತ್ತಾರೆ. ಯೇಸು ಮಾತ್ರವೇ ದೇವರ ಮಗ ಎಂಬುದನ್ನು ಒಪ್ಪಲಾರೆ ಎಂದೂ ಬರೆಯುತ್ತಾರೆ. ಗಾಂಧೀಜಿ ಆ ಬೋಧನೆಯನ್ನು ಬದುಕಿ ನೋಡಿದವರು, ಅವರ ಮಾತು ಬೇರೆ. ಅದೇ ವಾಕ್ಯ ಸೆಮಿನಾರಿನಲ್ಲಿ ಚಹಾಕ್ಕೆ ಮುಂಚಿನ ಸಮಾರೋಪವಾಗಿ ಬಂದಾಗ ನನಗೆ ಕಸಿವಿಸಿಯಾಗುತ್ತದೆ. ಅದು ಒಪ್ಪಿಗೆಯಂತೆ ಕೇಳಿಸುತ್ತದೆ, ಆದರೆ ಮಾತು ಮುಂದುವರಿಯದಂತೆ ಬಾಗಿಲು ಹಾಕುವ ರೀತಿಯೂ ಅದೇ.

ಹೊಗಳಿದವರಿಗಿಂತ ಖಂಡಿಸಿದವರು ಹೆಚ್ಚು ಗಮನವಿಟ್ಟು ಓದಿದ್ದರು ಎಂಬ ಅನುಮಾನ ನನಗೆ ಬಂದದ್ದು ‘ಮತಪರೀಕ್ಷಾ’ ವಿವಾದದಿಂದ. ಕಂಪನಿ ಸರ್ಕಾರದ ಅಧಿಕಾರಿಯೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಸ್ಕಾಟ್ಲೆಂಡಿನ ಜಾನ್ ಮ್ಯೂರ್ 1839ರಲ್ಲಿ ‘ಮತಪರೀಕ್ಷಾ’ ಎಂಬ ಕೃತಿಯನ್ನು ಸಂಸ್ಕೃತ ಶ್ಲೋಕಗಳಲ್ಲೇ ಬರೆದರು. ಗುರುಶಿಷ್ಯ ಸಂವಾದದ ರೂಪ. ನಿಜವಾದ ಮತವನ್ನು ಗುರುತಿಸುವ ಲಕ್ಷಣಗಳು ಯಾವುವು ಎಂದು ಶಿಷ್ಯ ಕೇಳುತ್ತಾನೆ. ಸ್ಥಾಪಕನ ಪವಾಡಶಕ್ತಿ, ಶಾಸ್ತ್ರದ ಸಾರ್ವತ್ರಿಕತೆ ಮುಂತಾಗಿ ಗುರು ಹೇಳುತ್ತಾನೆ. ಪವಾಡ ಇಲ್ಲಿ ನಡೆಯದ ನಾಣ್ಯ ಎಂದು ರಾಮಮೋಹನರು ಹತ್ತೊಂಬತ್ತು ವರ್ಷ ಹಿಂದೆಯೇ ಹೇಳಿದ್ದನ್ನು ಮ್ಯೂರ್ ಕೇಳಿಸಿಕೊಂಡಂತಿಲ್ಲ.

ಅದಕ್ಕೆ ಮೂವರು ಪಂಡಿತರು ಸಂಸ್ಕೃತದಲ್ಲೇ ಉತ್ತರ ಬರೆದರು. ಸೋಮನಾಥ ಎಂಬ ಹೆಸರಿನಲ್ಲಿ ಬರೆದವರದು ಶಾಂತ ಧ್ವನಿ: ಅಧಿಕಾರಭೇದದಿಂದ ಮತಭೇದ, ಅವರವರಿಗೆ ಅವರವರದು, ನಿನ್ನದು ನಿನಗಿರಲಿ. ಬಂಗಾಳದ ಹರಚಂದ್ರ ತರ್ಕಪಂಚಾನನರದು ಸಿಟ್ಟಿನ ಉತ್ತರ. ಮೂರನೆಯವನು ಕಾಶಿಯ ನೀಲಕಂಠ ಗೋರೆ. 1825ರಲ್ಲಿ ಹುಟ್ಟಿದ ಚಿತ್ಪಾವನ ಬ್ರಾಹ್ಮಣ, ‘ಶಾಸ್ತ್ರತತ್ತ್ವವಿನಿರ್ಣಯ’ ಬರೆದಾಗ ಇಪ್ಪತ್ತರ ಆಸುಪಾಸು. ನನ್ನ ವಿದ್ಯಾರ್ಥಿಗಳ ವಯಸ್ಸು.

ಗೋರೆಯ ಪ್ರಶ್ನೆಗಳು ಇಂದಿಗೂ ಸವೆದಿಲ್ಲ. ಎಂಬತ್ತು ವರ್ಷದ ಬಾಳಿನ ಪಾಪಕ್ಕೆ ಕೊನೆಯಿಲ್ಲದ ನರಕ ಹೇಗೆ ನ್ಯಾಯ? ಒಬ್ಬ ಕುರುಡನಾಗಿ, ಒಬ್ಬ ರಾಜನಾಗಿ ಹುಟ್ಟುವುದಕ್ಕೆ ಕಾರಣವೇನು? ಹಿಂದಿನ ಜನ್ಮ ಇಲ್ಲವೆಂದಾದರೆ ಈ ಅಸಮಾನತೆಯ ಹೊಣೆ ದೇವರ ಮೇಲೇ ಬೀಳುತ್ತದಲ್ಲ. ಮೂಕಪ್ರಾಣಿಗಳ ನೋವಿಗೆ ಏನು ಅರ್ಥ? ಕ್ರಿಸ್ತನ ಹೆಸರನ್ನೇ ಕೇಳದೆ ಸತ್ತವರ ಗತಿ ಏನು? ಇವು ಹೊರಗೆ ನಿಂತು ಕಲ್ಲೆಸೆಯುವವನ ಪ್ರಶ್ನೆಗಳಲ್ಲ. ಎದುರಾಳಿಯ ಸಿದ್ಧಾಂತವನ್ನು ಅದರ ಕೊನೆಯ ಮೆಟ್ಟಿಲವರೆಗೆ ಹಿಂಬಾಲಿಸಿ ಹೋದವನ ಪ್ರಶ್ನೆಗಳು. ‘ನಿನ್ನದು ನಿನಗಿರಲಿ’ ಎಂದ ಸೋಮನಾಥರು ಆ ಮೆಟ್ಟಿಲು ಹತ್ತುವ ಅಗತ್ಯವೇ ಬೀಳದಂತೆ ನೋಡಿಕೊಂಡರು. ಉದಾರತೆಗೆ ಈ ಒಂದು ಅನುಕೂಲ ಇದೆ.

ಇದೇ ಗೋರೆ 1848ರ ಮಾರ್ಚ್‌ನಲ್ಲಿ ಜೌನಪುರದಲ್ಲಿ ದೀಕ್ಷಾಸ್ನಾನ ಪಡೆದು ನೆಹೆಮಾಯಾ ಆದರು. ಮುಂದೆ ಷಡ್ದರ್ಶನಗಳನ್ನೇ ಖಂಡಿಸಿ ಹಿಂದಿಯಲ್ಲಿ ಗ್ರಂಥ ಬರೆದರು. ಅದು ಇಂಗ್ಲಿಷಿಗೂ ಹೋಯಿತು. ಇಂಥ ತಿರುವನ್ನು ಹೇಗೆ ಓದಬೇಕು? ಮಿಷನರಿ ಬರಹಗಳಲ್ಲಿ ಇದು ವಿಜಯ. ಇನ್ನೊಂದು ಕಡೆಯವರಿಗೆ ದ್ರೋಹ, ಇಲ್ಲವೇ ಮರೆಯಬೇಕಾದ ಪ್ರಸಂಗ. ನನಗೆ ಕಾಣುವುದು ಬೇರೆ. ಖಂಡಿಸುವುದಕ್ಕಾಗಿ ಅಷ್ಟು ಹತ್ತಿರ ಹೋದ ಓದುಗನಿಗೆ ವಾಪಸು ಬರುವ ದಾರಿ ಮೊದಲಿನಂತೆ ಉಳಿದಿರಲಿಲ್ಲ. ಹೋದಮೇಲೆ ನೆಮ್ಮದಿಯಾಗಿ ಇದ್ದರೇ ಎಂದರೆ ಅದೂ ಇಲ್ಲ. ಸಂಶಯಗಳು ಕ್ರೈಸ್ತರಾದ ಮೇಲೂ ಅವರ ಬೆನ್ನು ಬಿಡಲಿಲ್ಲ.

2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯಿದೆ ಬಂದಾಗ ಹಾಸ್ಟೆಲಿನ ಊಟದ ಮೇಜಿನಿಂದ ಹಿಡಿದು ಟಿವಿವರೆಗೆ ಎಲ್ಲೆಲ್ಲೂ ಚರ್ಚೆ. ಆಮಿಷವೋ ಒತ್ತಾಯವೋ, ಇಲ್ಲ ಹಕ್ಕೋ. ಬಲವಂತ ತಪ್ಪು, ಆಯ್ಕೆ ಹಕ್ಕು, ಎರಡೂ ಸರಿ. ನಾನು ಗಮನಿಸಿದ್ದು, ಇಷ್ಟೆಲ್ಲ ಮಾತಿನಲ್ಲಿ ಒಮ್ಮೆಯೂ ಯಾರೂ ‘ಅಲ್ಲಿ ಬೋಧಿಸಿದ್ದು ಏನು?’ ಎಂದು ಕೇಳಲಿಲ್ಲ. ಕೇಳುವವನಿಗೆ ತಲೆಯಿದೆ, ಅವನು ಮಾತನ್ನು ತೂಗಿ ನೋಡಿರಬಹುದು ಎಂಬ ಸಾಧ್ಯತೆಯೇ ಎರಡೂ ಪಕ್ಷಗಳ ವಾದದಲ್ಲಿ ಇರಲಿಲ್ಲ. ಗೋರೆಯನ್ನು ಓದುತ್ತಿದ್ದ ನನಗೆ ಅದು ಅವಮಾನದಂತೆ ಕಂಡಿತು, ಯಾರಿಗೆ ಎಂದು ಸರಿಯಾಗಿ ಹೇಳಲಾರೆ.

ತೂಗಿ ನೋಡುವುದೆಂದರೆ ಏನು ಎಂದು ತಿಳಿಯಲು ಪಂಡಿತಾ ರಮಾಬಾಯಿಯ ಪತ್ರಗಳನ್ನು ಓದಬೇಕು. ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯಲ್ಲಿ ವಿದ್ವಾಂಸರ ಮುಂದೆ ಸಮರ್ಥನೆ ಕೊಡಬೇಕಾಗಿ ಬಂದವರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಅಲ್ಲಿಂದ ಹೊರಟ ದಾರಿ 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನಕ್ಕೆ ಬಂತು. ತನ್ನ ಬುದ್ಧಿಗೆ ಕ್ರೈಸ್ತಮತವನ್ನು ಒಪ್ಪಿಸಿದ್ದು ಫಾದರ್ ಗೋರೆಯ ಬರಹ ಎಂದು ಆಕೆಯೇ ಬರೆದಿದ್ದಾಳೆ. ಖಂಡನೆ ಬರೆದ ಹುಡುಗ ಮುದುಕನಾಗಿ ಇನ್ನೊಬ್ಬ ಸಂಸ್ಕೃತ ಪಂಡಿತೆಯನ್ನು ಒಪ್ಪಿಸುತ್ತಾನೆ; ಕಾದಂಬರಿಯಲ್ಲಿ ಇಟ್ಟರೆ ಅತಿಯಾಯಿತು ಅನ್ನುತ್ತೇವೆ.

ಆದರೆ ಆಕೆ ಒಪ್ಪಿದ ಮೇಲೆ ಜಗಳ ಮುಗಿಯಲಿಲ್ಲ, ನಿಜವಾಗಿ ಶುರುವಾಯಿತು. ಸಿಸ್ಟರ್ ಜೆರಾಲ್ಡೀನ್‌ಗೆ ಬರೆದ ಪತ್ರಗಳಲ್ಲಿ ತ್ರಯೈಕ್ಯ ಯಾಕೆ, ಚರ್ಚಿನ ಮಾತಿಗೆ ಪ್ರಶ್ನಿಸದೆ ತಲೆಬಾಗಬೇಕು ಯಾಕೆ ಎಂದು ಕೇಳುತ್ತಲೇ ಹೋಗುತ್ತಾಳೆ. ಊರಿನ ಪುರೋಹಿತರ ನೊಗವನ್ನು ಬಹಳ ಕಷ್ಟಪಟ್ಟು ಇಳಿಸಿಕೊಂಡಿದ್ದೇನೆ, ಇನ್ನೊಂದು ನೊಗಕ್ಕೆ ಕತ್ತು ಕೊಡಲಾರೆ ಎನ್ನುವುದು ಆ ಪತ್ರಗಳ ತಿರುಳು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಯಾಕಿರಬೇಕು, ಸಂಸ್ಕೃತ ಯಾಕಾಗಬಾರದು ಎಂದು ಕೂಡ ಕೇಳುತ್ತಾಳೆ. ತನಗೆ ಅರ್ಥವಾಗದ ಭಾಷೆಯನ್ನು ಪವಿತ್ರ ಎಂದು ತೊಡುವುದು ಆಕೆಗೆ ಸಾಧ್ಯವಿರಲಿಲ್ಲ. ಹೆಂಗಸರಿಗೆ ವೇದಮಂತ್ರ ನಿಷಿದ್ಧವಾಗಿದ್ದ ಮನೆತನದಿಂದ ಬಂದವಳಿಗೆ ಈ ವಿಷಯ ಬೇರೆಯವರು ವಿವರಿಸಬೇಕಾಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ಆಕೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದದ್ದು ಈ ಪ್ರಶ್ನೆಗೇ ಕೊಟ್ಟ ಉತ್ತರದಂತೆ ನನಗೆ ಕಾಣುತ್ತದೆ. ರಾಮಮೋಹನರು ಒಪ್ಪದೆ ಆರಿಸಿಕೊಂಡರು. ಈಕೆ ಒಪ್ಪಿಕೊಂಡೂ ಪ್ರಶ್ನೆ ಬಿಡಲಿಲ್ಲ.

ಇವರೆಲ್ಲ ಪಂಡಿತರು. ಪಂಡಿತರಲ್ಲದ ನನ್ನ ಅಜ್ಜಿಯ ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ಈ ಬರಹ ನನಗೇ ಅಪೂರ್ಣ ಅನ್ನಿಸುತ್ತದೆ. ಕೆಲವು ವರ್ಷಗಳ ಹಿಂದೆ ಮೊಣಕಾಲಿನ ಆಪರೇಶನ್ನಿಗೆ ಅಜ್ಜಿಯನ್ನು ಮಿಷನ್ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಮಂಚದ ಎದುರಿನ ಗೋಡೆಯಲ್ಲಿ ಶಿಲುಬೆ. ಮೂರು ದಿನ ಅದನ್ನೇ ನೋಡುತ್ತಾ ಮಲಗಿದ್ದ ಅಜ್ಜಿ ನಾಲ್ಕನೇ ದಿನ, “ಪಾಪ, ಎಷ್ಟು ನೋವಾಯ್ತೋ ಏನೋ. ಯಾರು ಮಗಾ ಹೀಗೆ ಮಾಡಿದ್ದು?” ಎಂದರು. ನನ್ನ ಬದಲು ಡ್ರೆಸ್ಸಿಂಗ್‌ಗೆ ಬಂದ ಸಿಸ್ಟರ್ ಉತ್ತರ ಕೊಟ್ಟರು: “ಅವರು ನಮಗೋಸ್ಕರ ಸತ್ತದ್ದು ಅಜ್ಜಿ. ನಮ್ಮ ಪಾಪಕ್ಕೆ.” ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ನನ್ನದಕ್ಕಾ? ನಾನು ಕೇಳಿಯೇ ಇರ್ಲಿಲ್ಲವಲ್ಲ ಮಾರಾಯ್ತಿ” ಎಂದರು. ಸಿಸ್ಟರ್ ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ.

ಒಬ್ಬರ ಪಾಪವನ್ನು ಇನ್ನೊಬ್ಬರು ಹೊರಬಹುದೇ ಎಂಬುದು ಕರ್ಮಸಿದ್ಧಾಂತದಲ್ಲಿ ಬೆಳೆದ ಯಾರಿಗಾದರೂ ಏಳುವ ಮೊದಲ ಆಕ್ಷೇಪ. ಅಜ್ಜಿಯದೂ ಅದೇ. ಆದರೆ ಆ ಸಂಭಾಷಣೆಯಲ್ಲಿ ‘ಪಾಪ’ ಎಂಬ ಪದ ಎರಡು ಸಲ ಬಂತು, ಎರಡು ಅರ್ಥದಲ್ಲಿ. ಕನ್ನಡದ ಮಿಷನರಿಗಳು ತಮ್ಮ ಸಿದ್ಧಾಂತದ ನಡುಗಂಬಕ್ಕೆ ಆರಿಸಿಕೊಂಡ ಪದ ಇದು. ಇದರ ಹಿಂದೆ ಪುಣ್ಯದ ಲೆಕ್ಕವಿದೆ, ಜನ್ಮಾಂತರದ ಲೆಕ್ಕವಿದೆ, ಅವೆಲ್ಲವೂ ಪದದೊಂದಿಗೇ ಒಳಗೆ ಬಂದವು. ಅದಕ್ಕಿಂತ ಹೆಚ್ಚಾಗಿ ನಮ್ಮ ಆಡುಮಾತಿನಲ್ಲಿ ‘ಪಾಪ’ ಅಂದರೆ ಕನಿಕರ. ನಮ್ಮ ಕಡೆ ‘ಪಾಪದವರು’ ಅಂದರೆ ಬಡವರು. ಪ್ರಸಂಗಪೀಠದಿಂದ ‘ನಾವೆಲ್ಲ ಪಾಪಿಗಳು’ ಎಂದಾಗ ಕೆಳಗೆ ಕೂತ ಪಾಪದವರಿಗೆ ಏನೇನು ಕೇಳಿಸಿರಬಹುದು ಎನ್ನುವುದು ಅನುವಾದದ ಚರಿತ್ರೆಯಲ್ಲಿ ಯಾರಾದರೂ ಕೂತು ಬರೆಯಬೇಕಾದ ಅಧ್ಯಾಯ.

ಗೋವಿಂದ ಪೈಗಳ ‘ಗೊಲ್ಗೊಥಾ’ ಹುಟ್ಟಿದ್ದು ಎರಡನೆಯ ಅರ್ಥದ ಈ ‘ಪಾಪ’ದಿಂದ ಎಂದು ನಾನು ವಾದಿಸುತ್ತೇನೆ. ಮಂಜೇಶ್ವರದ ಗೌಡ ಸಾರಸ್ವತ ಬ್ರಾಹ್ಮಣ ಕವಿ, ಯೇಸುವಿನ ಕಡೆಯ ದಿನವನ್ನು ಸರಳರಗಳೆಯ ಖಂಡಕಾವ್ಯ ಮಾಡಿದರು. ಅವರಿಗೂ ಮುಂಚೆ, 1862ರಲ್ಲಿ, ಕಿಟ್ಟೆಲ್ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಸೀ ಛಂದಸ್ಸಿನಲ್ಲಿ ಹಾಡಿದ್ದರು. ಕಿಟ್ಟೆಲರದು ಬೋಧಿಸಲು ಹೊರಟವರ ಕಾವ್ಯ. ಛಂದಸ್ಸು ಅಲ್ಲಿ ವಾಹನ. ಪೈಗಳಿಗೆ ಯಾರನ್ನೂ ಒಪ್ಪಿಸಬೇಕಾದ್ದಿರಲಿಲ್ಲ. ಅವರು ಆರಿಸಿಕೊಂಡ ಚೌಕಟ್ಟನ್ನು ಗಮನಿಸಿ. ಕಡೆಯ ದಿನದಲ್ಲಿ ಬೋಧನೆ ಕಡಿಮೆ. ಸಾಮತಿಗಳೆಲ್ಲ ಮುಗಿದಿವೆ, ಪಿಲಾತನೆದುರು ಯೇಸು ಹೆಚ್ಚು ಹೊತ್ತು ಮೌನಿ. ಪುನರುತ್ಥಾನದ ಮೂರನೆಯ ದಿನ ಈ ಚೌಕಟ್ಟಿನ ಹೊರಗೆ. ಹೀಗಾಗಿ ರಾಮಮೋಹನರ ಪ್ರಶ್ನೆಯಾಗಲಿ ಗೋರೆಯ ಪ್ರಶ್ನೆಯಾಗಲಿ ಕವಿ ಉತ್ತರಿಸಲೇಬೇಕಾದ ಪ್ರಶ್ನೆಗಳಾಗಿ ಎದುರಾಗುವುದಿಲ್ಲ. ದೇವರೋ ಮನುಷ್ಯನೋ ಎನ್ನುವುದು ಇತ್ಯರ್ಥವಾಗದೆಯೂ ಮೊಳೆ ಹೊಡೆದರೆ ನೋವು ನೋವೇ. ಮುಂದೆ ಬುದ್ಧನ ಕೊನೆಯನ್ನೂ ಅವರು ಇದೇ ಚೌಕಟ್ಟಿನಲ್ಲಿ ‘ವೈಶಾಖಿ’ಯಾಗಿ ಬರೆದರು.

ಇದು ಗೆಲುವೇ, ತಪ್ಪಿಸಿಕೊಳ್ಳುವಿಕೆಯೇ? ನನ್ನ ಅಭಿಪ್ರಾಯ ವರ್ಷಕ್ಕೊಮ್ಮೆ ಬದಲಾಗುತ್ತಿದೆ. ಸದ್ಯಕ್ಕೆ ಹೀಗನ್ನಿಸುತ್ತದೆ: ಚೌಕಟ್ಟು ಕವಿಯನ್ನು ಗೆಲ್ಲಿಸಿತು, ಭಾಷೆ ಅಷ್ಟಾಗಿ ಗೆಲ್ಲಿಸಲಿಲ್ಲ. ಹಳಗನ್ನಡದ ಬಿಗಿ, ಸಮಾಸಗಳ ಸಾಲು ಆ ಬಡಗಿಯನ್ನೂ ಮೀನುಗಾರರನ್ನೂ ಪುರಾಣಪುರುಷರ ಎತ್ತರಕ್ಕೆ ಏರಿಸಿಬಿಡುತ್ತವೆ. ಅಜ್ಜಿಯ ‘ಪಾಪ’ಕ್ಕೆ ಇದ್ದ ಹತ್ತಿರ ಅಲ್ಲಿ ಸಿಗುವುದಿಲ್ಲ. ಆದರೂ ತನ್ನದಲ್ಲದ ನಂಬಿಕೆಯ ಪವಿತ್ರತಮ ಘಳಿಗೆಯನ್ನು ಕತ್ತರಿಸದೆ, ಖಂಡಿಸದೆ, ಒಪ್ಪದೆ ಎದುರಿಗೆ ನಿಂತು ನೋಡಿದ್ದು ಸಣ್ಣ ಸಂಗತಿಯಲ್ಲ.

ಅಧ್ಯಾಯದ ಕರಡು ಮುಗಿದ ಮೇಲೆ ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯವನ್ನು ಮೊದಲ ಸಲ ಪೂರ್ತಿ ಓದಿದೆ. ನೀತಿಪಾಠದ ಕತೆಯಲ್ಲಿ ಇಲ್ಲದ ಒಬ್ಬ ಅಲ್ಲಿದ್ದ. ಹಿರಿಮಗ. ಹೊಲದಿಂದ ಬಂದು, ಮನೆಯೊಳಗೆ ಹಾಡು ಕುಣಿತ ಕೇಳಿ, ಇಷ್ಟು ವರ್ಷ ದುಡಿದ ನನಗೆ ಒಂದು ಆಡಿನಮರಿಯೂ ಇಲ್ಲವೇ ಎಂದು ಸಿಟ್ಟಾಗಿ ಬಾಗಿಲ ಹೊರಗೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ.

ಆವತ್ತು ರಾತ್ರಿ ನನ್ನ ಬೆಂಚಿನ ಗೆಳತಿಗೆ ಫೋನ್ ಮಾಡಿದೆ. ಈಗ ಅವಳು ದುಬೈಯಲ್ಲಿದ್ದಾಳೆ, ಚರ್ಚಿಗೆ ಹೋಗುವುದನ್ನು ಬಿಟ್ಟು ಕೆಲವು ಕಾಲವಾಯಿತು. “ಹಿರಿಮಗ ನಿಮ್ಮ ದೊತೊರ್ನಿನಲ್ಲಿ ಇದ್ದನಾ?” ಎಂದೆ.

“ಇದ್ದ. ನಮ್ಮ ಪರೀಕ್ಷೆಗೇ ಬಂದಿತ್ತು, ಹಿರಿಮಗ ಯಾಕೆ ಸಿಟ್ಟಾದ ಅಂತ.”

“ಆಮೇಲೆ ಒಳಗೆ ಹೋದನಾ?”

“ಅದು ಇಲ್ಲ ಮಾರಾಯ್ತಿ. ಕತೆ ಅಲ್ಲಿಗೇ ನಿಲ್ಲುತ್ತೆ. ನಾನೂ ಸಿಸ್ಟರ್ ಹತ್ರ ಕೇಳಿದ್ದೆ.”

“ಏನಂದ್ರು?”

“ನೀನಾದ್ರೆ ಏನ್ ಮಾಡ್ತಿದ್ದೆ ಅಂತ ತಿರುಗಿ ನನ್ನನ್ನೇ ಕೇಳಿದ್ರು. ಅಷ್ಟರಲ್ಲಿ ಗಂಟೆ ಹೊಡೀತು, ನಾವು ನಿಮ್ಮ ಕೋಣೆಗೆ ವಾಪಸು ಬಂದ್ವಿ.”